ಬಟ್ಟೆ ರಾಶಿಯ ಕೆಳಗೆ

...ಉಪ್ಪು ಖಾರ ಹಚ್ಚಿ ಹೇಳ್ತಿಲ್ಲ ಕಣೇ, ಲೆಕ್ಕ ಇಟ್ಟಿದೀನಿ. ನಲವತ್ತೊಂದು ಹಾಳೆ. ನಲವತ್ತೊಂದು ಸಲವೂ ಮೇಡಂ ಕನ್ನಡಕ ಹಣೆಗೇರಿಸಿ ಒಂದೇ ಮಾತು, "ಅಚ್ಚುಕಟ್ಟಾಗಿದೆ, ಆದ್ರೆ ಜೀವ ಇಲ್ಲ." ಬೆಂಚಿನ ಮೇಲೆ ತೂಕಡಿಸೋ ಕಾವಲುಗಾರನ್ನ ಬಿಡಿಸಿದೆ, ಜೀವ ಇಲ್ಲ. ಸ್ಟೇರಿಂಗ್ ಮೇಲೆ ತಲೆ ಇಟ್ಟ ಬಸ್ ಡ್ರೈವರ್‌ನ ಬಿಡಿಸಿದೆ, ಜೀವ ಇಲ್ಲ. ಕ್ಲಾಸಿಗೆಲ್ಲ 'ದಣಿವು' ಅಂತ ವಿಷಯ ಕೊಟ್ರು, ಕೊನೆಗೆ ದಣಿದಿದ್ದು ನಾನೊಬ್ಬಳೇ.

ಬಾಗಿಲಲ್ಲೇ ಯಾಕೆ ನಿಂತೆ, ಒಳಗೆ ಬಾ. ಬ್ಯಾಗ್ ಆ ಸ್ಟೂಲ್ ಮೇಲಿಡು. ಏಣಿ ಹುಷಾರು, ಒಂದು ಕಾಲು ಅಲ್ಲಾಡುತ್ತೆ. ಮೂರು ತಿಂಗಳಲ್ಲಿ ಎಷ್ಟು ಸೊರಗಿ ಹೋಗಿದೀಯೇ ಎಡಚಿ... ಯಾಕೆ, ಬೇಜಾರಾಯ್ತಾ? ಎಡಗೈಲಿ ಬಿಡಿಸ್ತೀಯ ಅಂತ ಇಡೀ ಕ್ಲಾಸು ನಿನ್ನನ್ನ ಹಾಗೇ ಅಲ್ವಾ ಕರೆಯೋದು. ನೀನೂ ನಗ್ತಿದ್ದೆ. ಸರಿ ಬಿಡು, ಕರೆಯಲ್ಲ.

ನಿಮ್ಮಮ್ಮ ತೀರ್ಕೊಂಡ ವಿಷಯ ಗೊತ್ತಾಯ್ತು. ಬರಬೇಕಿತ್ತು ನಾನು. ಎರಡು ವರ್ಷ ಒಂದೇ ರೂಮಲ್ಲಿ ಇದ್ದವಳು, ಅವರು ಹೊಲಿದು ಕಳಿಸಿದ ಅಂಗಿ ಈಗಲೂ ನನ್ನ ಮೈಮೇಲಿದೆ ನೋಡು. ನನ್ನನ್ನ ಒಂದು ಸಲವೂ ನೋಡದೆ, ನಿನ್ನ ಅಂಗಿ ಅಳತೇಲಿ ಎರಡು ಬೆರಳು ಜಾಸ್ತಿ ಬಿಟ್ಟು ಹೊಲಿದಿದ್ರು, ಎಷ್ಟು ಸರಿಯಾಗಿ ಕೂತಿತ್ತು! ಫೋನ್ ತಗೊಂಡೆ, ಇಟ್ಟೆ, ಮತ್ತೆ ತಗೊಂಡೆ, ಮತ್ತೆ ಇಟ್ಟೆ. ಏನಂತ ಮಾತಾಡ್ಲಿ? ಹಾಳಾದ ಸಬ್‌ಮಿಷನ್ ಬೇರೆ ತಲೆ ಮೇಲೆ ಕೂತಿತ್ತು.

ಗೋಡೆ ಕಡೆ ನೋಡ್ತಿದೀಯ. ಹೂಂ, ಅದೇ ನಂದು. ಈಗಷ್ಟೇ ಪಿನ್ ಹೊಡೆದೆ. ಸ್ವಲ್ಪ ಹಿಂದೆ ಬಂದು ನೋಡು, ಅಷ್ಟು ಹತ್ತಿರ ಹೋಗ್ಬೇಡ. ಹೊಲಿಗೆ ಮಿಷನ್ ಮೇಲೆ ಕೆನ್ನೆ ಇಟ್ಟು ನಿದ್ದೆ ಹೋದ ಹೆಂಗಸು, ಅಷ್ಟೇ. ನಮ್ಮ ಚಿಕ್ಕಮ್ಮ ಅದು... ನಿಂಗೆ ಹೇಳಿರ್ಲಿಲ್ವಾ? ಇದಾಳೆ, ದೂರದವಳು. ಹೊಲೀತಾಳೆ. ಹೊಲಿಯೋರೆಲ್ಲ ದಣಿದಾಗ ಹಾಗೇ ಒರಗೋದು, ಕುತ್ತಿಗೆ ಹಾಗೇ ವಾಲೋದು. ಅದನ್ನೇನು ಯಾರಾದ್ರೂ ಗುತ್ತಿಗೆ ತಗೊಂಡಿದಾರಾ?

ಹಾಗೆ ನೋಡ್ಬೇಡ್ವೇ. ನಿದ್ದೆಗೆಟ್ಟ ಮೈ, ಮಾತು ಒರಟಾಗಿ ಬರುತ್ತೆ.

ಇದನ್ನ ಮುಂದಿಟ್ಟಾಗ ಮೇಡಂ ಮೊದಲ ಸಲ 'ಜೀವ ಇಲ್ಲ' ಅನ್ಲಿಲ್ಲ. ಐದು ನಿಮಿಷ ನೋಡಿದ್ರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡ್ರು. ಹೊರಗಿನ ಪರೀಕ್ಷಕರು ನಾಲ್ಕು ಗಂಟೆಗೆ ಬರ್ತಾರೆ, ಪುಸ್ತಕ ಮಾಡೋರು. ಅವರು ಒಬ್ಬರನ್ನ ಆರಿಸ್ತಾರೆ, ಆರಿಸಿದವರಿಗೆ ಇಡೀ ಮಕ್ಕಳ ಪುಸ್ತಕಕ್ಕೆ ಚಿತ್ರ ಬಿಡಿಸೋ ಕೆಲಸ. ಪಟ್ಟೀಲಿ ನನ್ನ ಹೆಸರೇ ಮೇಲಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಕಣೇ! ಎಲ್ಲಾ ಪಟ್ಟೀಲೂ ನಿನ್ನ ಹೆಸರಿನ ಕೆಳಗೆ ಎಲ್ಲೋ ಮೂಲೇಲಿ ಇರ್ತಿದ್ದವಳು ನಾನು. ಅಷ್ಟಕ್ಕಾದ್ರೂ ಒಂದು ಮಾತು ಹೇಳ್ಬಾರ್ದಾ?

ಏನು ತೋರಿಸ್ತಿದೀಯ ಕೆಳಗೆ?

ಕಾಲಾ? ಕಾಲು ಇಲ್ಲ. ಪೆಡಲ್ ಮುಂದೆ ಬಟ್ಟೆ ರಾಶಿ ಇದೆಯಲ್ಲ, ಅದರ ಹಿಂದಿದೆ ಅಂತ ಅಂದ್ಕೋಬೇಕು. ಬೇಕಂತಲೇ ಮುಚ್ಚಿದ್ದು. ಪಾದ ತೋರಿಸದೇ ಇದ್ದದ್ದೇ ಇದರ ಸೊಗಸು ಅಂತ ಮೇಡಂ ಜೂನಿಯರ್‌ಗಳನ್ನೆಲ್ಲ ಕರೆದು ಪಾಠ ಮಾಡಿದ್ರು. ನಾನು ಪಕ್ಕದಲ್ಲಿ ನಿಂತು ತಲೆ ಆಡಿಸಿದೆ.

ರೂಮಿಗೆ ಹೋಗಿ ಬಂದ್ಯಾ ಆಗಲೇ? ಡ್ರಾಯರ್ ಖಾಲಿ ಇತ್ತಾ? ನಿನ್ನ ಕಪ್ಪು ರಟ್ಟಿನ ಸ್ಕೆಚ್ ಬುಕ್ಕು... ನಂಗೇನೇ ಗೊತ್ತು. ಗುಡಿಸೋರು ರದ್ದಿ ಅಂತ ಹಾಕಿರ್ಬೇಕು. ಬಿಟ್ಟು ಹೋದದ್ದು ನೀನು, ಕಾಯೋಕೆ ನಾನೇನು ಅದರ ಕಾವಲಿನವಳಾ?

ನಂಬಿಕೆ ಬರ್ತಿಲ್ವಾ ನಿಂಗೆ? ತಗೋ, ಪ್ರೋಸೆಸ್ ಬುಕ್ ಇದೆ, ನೋಡು. ಇದಿಲ್ಲದೆ ಇಲ್ಲಿ ಯಾರೂ ಪಾಸಾಗಲ್ಲ ಅಂತ ನಿಂಗೇ ಗೊತ್ತು. ಮೊದಲ ಗೀಚಿನಿಂದ ಕೊನೇ ಚಿತ್ರದವರೆಗೆ ಹೇಗೆ ಬಂತು, ಎಲ್ಲಿ ತಪ್ಪಿತು, ಎಲ್ಲಿ ತಿದ್ದಿದೆ, ಎಲ್ಲಾ ಇದೆ. ಮೊದಲನೇ ಪುಟ ನೋಡು, ತಲೆ ದೊಡ್ಡದಾಗಿದೆ. ಐದರಲ್ಲಿ ಮಿಷನ್ ವಾಲಿದೆ. ಎಂಟರಲ್ಲಿ ಭುಜ ಕಲ್ಲಿನ ಹಾಗೆ ಕೂತಿದೆ. ಹೆಜ್ಜೆ ಹೆಜ್ಜೆಗೂ ತಿದ್ದಿದೀನಿ. ಕಳ್ಳ ಮಾಲಾದ್ರೆ ಇಷ್ಟು ಪುಟ ಎಲ್ಲಿಂದ ಬರುತ್ತೆ? ...ಕಳ್ಳ ಮಾಲು ಅಂತ ನೀನಂದೆ ಅಂತಲ್ಲ. ಮಾತಿಗೆ ಹೇಳ್ದೆ.

ಯಾಕೆ ಹದಿಮೂರರಲ್ಲೇ ನಿಂತೆ?

ತಿರುಗಿಸೇ ಮುಂದೆ. ಹನ್ನೆರಡು ನೋಡೋದು, ಹದಿಮೂರು ನೋಡೋದು, ಅದರಲ್ಲೇನಿದೆ? ಬೆರಳು ಯಾಕೆ ಆ ನೆರಳಿನ ಗೆರೆ ಮೇಲೇ ಓಡಾಡ್ತಿದೆ?

...ಗೊತ್ತಾಯ್ತಾ.

ಮೇಡಂಗೆ ಗೊತ್ತಾಗ್ಲಿಲ್ಲ. ಇಪ್ಪತ್ತು ವರ್ಷದಿಂದ ಗೆರೆ ಕಲಿಸೋರು ಅವರು. ಬಲಗೈಯವರು ನೆರಳಿಗೆ ಓರೆಗೆರೆ ಎಳೆದ್ರೆ ಅದು ಬಲಕ್ಕೆ ಏರುತ್ತೆ, ಎಡಗೈಯವರದ್ದು ಎಡಕ್ಕೆ ಏರುತ್ತೆ. ಮೊದಲನೇ ವರ್ಷದ ಪಾಠ! ಹನ್ನೆರಡನೇ ಪುಟದವರೆಗೆ ಬಲಕ್ಕೆ, ಹದಿಮೂರರಿಂದ ಎಡಕ್ಕೆ. ಅದು ಪ್ರಯೋಗ ಅಂತ ಹೇಳ್ಬೇಕು ಅಂದ್ಕೊಂಡಿದ್ದೆ. ಯಾರೂ ಕೇಳ್ಲೇ ಇಲ್ಲ.

ಹೌದು ಕಣೇ, ಹಿಂದಿನಿಂದ ಮಾಡಿದ್ದು. ಕೊನೇ ಚಿತ್ರ ಮೊದಲು. ಬಲ್ಬಿಟ್ಟ ಗಾಜಿನ ಮೇಜಿನ ಮೇಲೆ ಹಾಳೆ ಹರಡಿ, ಕೆಳಗೆ ನಿನ್ನ ಚಿತ್ರ ಇಟ್ಟು ನಕಲು ತೆಗೆದೆ. ಆಮೇಲೆ ಕೂತು ಅದನ್ನೇ ಸ್ವಲ್ಪ ಕೆಡಿಸಿದೆ, ಮತ್ತೆ ಸ್ವಲ್ಪ ಕೆಡಿಸಿದೆ, ಹಾಗೇ ಕೆಡಿಸ್ತಾ ಕೆಡಿಸ್ತಾ ಒಂದನೇ ಪುಟಕ್ಕೆ ಬಂದೆ. ನಿನ್ನ ಗೆರೆ ಬರ್ಲಿ ಅಂತ ಹಾಳೆ ತಲೆಕೆಳಗೆ, ಅಡ್ಡಡ್ಡ, ಹೇಗೆಲ್ಲಾ ತಿರುಗಿಸಿ ಎಳೆದೆ. ಹಿಂದೆ ಹಿಂದೆ ಬಂದು ಹನ್ನೆರಡನೇ ಪುಟ ಮುಟ್ಟೋ ಹೊತ್ತಿಗೆ ಮಣಿಕಟ್ಟು ಸೋತು ಹೋಗಿತ್ತು, ಕೈ ತನ್ನ ಚಾಳಿಗೆ ಬಿತ್ತು. ಕೆಟ್ಟದಾಗಿ ಬಿಡಿಸೋದಕ್ಕೆ ಮಾತ್ರ ನಂಗೆ ಹಾಳೆ ತಿರುಗಿಸೋ ಅಗತ್ಯ ಬೀಳ್ಲಿಲ್ಲ.

ಅಳ್ತಿಲ್ಲ, ಬಿಡು.

ಏನ್ ಮಾಡ್ಬೇಕಿತ್ತು ಹೇಳು. ಬೆನ್ನು ಮುರಿಯೋ ಹಾಗೆ ದಿನಕ್ಕೆ ಹತ್ತು ಗಂಟೆ ಕೂರೋಳು ನಾನು. ನೀನು ಹೆಗಲಿಗೆ ಫೋನ್ ಸಿಕ್ಕಿಸ್ಕೊಂಡು ಮನೆಯವರ ಜೊತೆ ಮಾತಾಡ್ತಾ ಗೀಚಿ ಎಸೀತಿದ್ದೆ, ಅದು ಉಸಿರಾಡ್ತಿತ್ತು. ಹೊಟ್ಟೆ ಉರೀತಿತ್ತು ಕಣೇ, ಬಾಯಿ ಬಿಟ್ಟು ಹೇಳ್ತೀನಿ, ಉರೀತಿತ್ತು. ನಿನ್ನ ಬುಕ್ಕು ಡ್ರಾಯರಲ್ಲಿ ಸಿಕ್ಕಿದಾಗ ನೋಡಿ ಇಡೋಣ ಅಂತಲೇ ತೆಗೆದೆ. ನೀನು ವಾಪಸ್ ಬರಲ್ಲ ಅಂತ ಎಲ್ಲರೂ ಅಂತಿದ್ರು. ಅಮ್ಮ ಆಸ್ಪತ್ರೇಲಿ, ಇನ್ನೆಲ್ಲಿ ಓದು ಅಂತ. ಆ ಪುಟ ತೆಗೆದು ನೋಡ್ತೀನಿ, ಅರ್ಧಕ್ಕೆ ನಿಂತ ಚಿತ್ರ. ಸೆರಗೋ ದುಪಟ್ಟಾನೋ, ಅದರ ಅಂಚಿನವರೆಗೂ ಇದೆ, ಅದರ ಕೆಳಗೆ ಖಾಲಿ. ಖಾಲಿ ಜಾಗಕ್ಕೆ ಬಟ್ಟೆ ರಾಶಿ ಹಾಕಿದೆ. ಇಡೀ ಚಿತ್ರದಲ್ಲಿ ನಂದು ಅಂತ ಇರೋದು ಆ ರಾಶಿ ಒಂದೇ.

ನಿಮ್ಮಮ್ಮ ಅಂತ ಗೊತ್ತಿತ್ತು. ಪುಟದ ಮೂಲೇಲಿ ನೀನೇ ಬರೆದಿದ್ದೆ, 'ಅಮ್ಮ, ಏಳೋಕೆ ಮುಂಚೆ' ಅಂತ. ಓದಿದೆ. ಓದಿಯೂ ನಕಲು ತೆಗೆದೆ.

ಬೈಯೇ. ಒಂದು ಏಟು ಹೊಡಿ ಬೇಕಾದ್ರೆ. ಮೇಡಂ ಹತ್ರ ಹೋಗು, ಈಗಲೇ ಹೋಗು, ಇನ್ನೂ ಹತ್ತು ನಿಮಿಷ ಇದೆ. ಬುಕ್ಕು ನನ್ನ ಬ್ಯಾಗಲ್ಲೇ ಇದೆ, ಕೊಡ್ತೀನಿ. ಇಲ್ಲಾಂದ್ರೆ ಇವತ್ತೊಂದು ದಿನ ಸುಮ್ನಿರು. ಎರಡರಲ್ಲಿ ಒಂದು ಮಾಡು.

ಏನ್ ಹುಡುಕ್ತಿದೀಯ ಬ್ಯಾಗಲ್ಲಿ? ...ರಬ್ಬರಾ? ಏ, ಬೇಡ. ಬೇಡ್ವೇ, ನಾಲ್ಕಕ್ಕೆ ಬರ್ತಾರೆ ಅಂದ್ನಲ್ಲ! ಅಳಿಸ್ಬೇಡ, ಅದೊಂದನ್ನ...

...ರಾಶಿ ಮಾತ್ರ ಅಳಿಸ್ತಿದೀಯ.

ಪೆನ್ಸಿಲ್ ಎಡಗೈಗೆ ಹೋಯ್ತು. ತಡೆಯಲ್ಲ ನಾನು. ಮಾಡು.

ಹಿಮ್ಮಡಿ ಮೇಲೆದ್ದಿದೆ. ಹೆಬ್ಬೆರಳು ಮಾತ್ರ ಪೆಡಲ್ ಮೇಲಿದೆ. ಎರಡನೇ ಬೆರಳು ಅದರ ಮೇಲೆ ಹತ್ತಿ ಕೂತಿದೆ, ನಿನ್ನ ಕಾಲ್ಬೆರಳಿನ ಹಾಗೇ. ನಿದ್ದೇಲೂ ಕಾಲು ತೆಗೀತಿರ್ಲಿಲ್ವಾ ಅವರು? ನಾಲ್ಕು ಗೆರೆ ಕಣೇ, ನಾಲ್ಕೇ ಗೆರೆ... ಈಗ ನೋಡಿದ್ರೆ ಇವರು ಇನ್ನೇನು ಎದ್ದು ಬಿಡ್ತಾರೆ ಅನ್ಸುತ್ತೆ.

ಮೆಟ್ಟಿಲ ಹತ್ರ ಮೇಡಂ ದನಿ. ಬಂದ್ಬಿಟ್ರು. ಜೊತೆಗೆ ಇನ್ನೂ ಯಾರೋ ಇದಾರೆ.

ಪೆನ್ಸಿಲ್ ಯಾಕೆ ನನ್ನ ಕೈಗೆ ಕೊಡ್ತೀಯ? ಇನ್ನೊಂದು ಪಾದನಾ? ನಾನಾ? ...ಚಿತ್ರದ ಕೆಳಗಿರೋ ನನ್ನ ಹೆಸರನ್ನ ಯಾಕೆ ಬೆರಳಲ್ಲಿ ತೋರಿಸ್ತೀಯ? ಹೆಸರು ನಂದಾದ್ರೆ ಕಾಲೂ ನಾನೇ ಬಿಡಿಸ್ಬೇಕು, ಅಷ್ಟೇ ತಾನೇ?

ಅವರೆಲ್ಲ ಬಾಗಿಲಿಗೆ ಬಂದ್ರು. ತಗೋ ಕಣೇ, ಪೆನ್ಸಿಲ್ ವಾಪಸ್ ತಗೋ. ನಂಗೆ ಬರಲ್ಲ. ನಿಮ್ಮಮ್ಮನ ಕಾಲು ನಾನು ನೋಡೇ ಇಲ್ಲ.