ಕಾಲಿಗೆ ತಿಳಿದದ್ದು

ಬಿ.ಎ. ಮುಗಿಸಿದ್ದರೂ, ಯಾರು ಏನೇ ಕೇಳಲಿ, ಬಾಯಿ ಬಿಡಲಾರದೆ ಹೌದೆಂದು ತಲೆಯಾಡಿಸಿಬಿಡುವುದು ಮೇಷ್ಟರ ಮಗಳು ಸುಗುಣಳ ರೂಢಿ. ನಿನ್ನೆಯ ದಿನಚರಿಯಲ್ಲಿ ಒಂದೇ ಸಾಲಿತ್ತು: 'ಇವತ್ತೂ ಸುಮ್ಮನೆ ತಲೆಯಾಡಿಸಿದೆ.'

ಈಗ ಅವಳು ಆಸ್ಪತ್ರೆಯ ಜಗಲಿಯ ಕಂಬದ ಹಿಂದೆ ನಿಂತಿದ್ದಳು. ಆಚೆ ಬೆಂಚಿನಲ್ಲಿ, ಆನೆ ತುಳಿದು ಸತ್ತ ಜವರನ ಹೆಣಕ್ಕಾಗಿ ಬಾವಲಿ ಊರಿನ ಇಬ್ಬರು ಕಾಯುತ್ತಿದ್ದರು: ಅವನ ಅಣ್ಣ ಬೊಮ್ಮಯ್ಯ, ಕಾಡಿನ ವಾಚರ್ ನಿಂಗಯ್ಯ.

"ಲದ್ದಿ ತುಳಿದು ಆನೆ ಎಷ್ಟು ದೂರ ಐತೆ ಅಂತ ಹೇಳೋನು ನೀನು, ನಿಂಗಯ್ಯ. ಹೊಸ ಜಿಲ್ಲೆ ಆಯ್ತು, ನಿಂಗೆ ವಾಚರ್ ಕೆಲಸದ ಹೊಸ ಕಾಕಿ ಬಂತು, ಕಾಲು ಸತ್ತೋಯ್ತಾ?"

"ತುಳಿದೆ ಬೊಮ್ಮಣ್ಣ. ಬಿಸಿ ಇತ್ತು."

"ಬಿಸಿ ಇದ್ರೆ ಆನೆ ಹತ್ರಾನೇ ಐತೆ ಅಂತಲ್ವಾ! ಮತ್ತೆ ಬಿದಿರು ಕಡಿಯೋಕೆ ನನ್ನ ತಮ್ಮನ್ನ ಯಾಕೋ ಒಳಗೆ ಬಿಟ್ಟೆ?"

"ದಾರೀಲಿ ಬಂದ ಮಾಷ್ಟರ ಮಗಳನ್ನ ಕೇಳ್ದೆ, ಆನೆ ಹೊಳೆ ದಾಟಿ ಹೋಯ್ತಾ ಅಂತ. ಹೂಂ ಅಂತ ತಲೆ ಆಡಿಸ್ತು. ಓದಿದ ಕೂಸು. ಲದ್ದಿ ಬಿಸಿಲಿಗೆ ಕಾದಿರಬೇಕು ಅಂದ್ಕೊಂಡೆ."

ಬೊಮ್ಮಯ್ಯ ಅವನ ಕೊರಳಪಟ್ಟಿ ಹಿಡಿದೆತ್ತಿ ಗೋಡೆಗೆ ಅಪ್ಪಳಿಸಿದ. ನಿಂಗಯ್ಯನ ತುಟಿ ಒಡೆದು ಹೊಸ ಕಾಕಿಯ ಮೇಲೆ ರಕ್ತ ತೊಟ್ಟಿಕ್ಕಿತು.

"ಎದೆಗೂಡು ಅಪ್ಪಚ್ಚಿ ಆಗೈತೆ ಕಣೋ! ಗೋಣಿಗೆ ಬಳಿದು ತಂದ್ವಿ. ಕೂಸಿನ ಮೇಲೆ ಹಾಕ್ತೀಯಾ?"

"ಹೊಡಿ ಬೊಮ್ಮಣ್ಣ. ಕಾಲು ನಂದು. ಅದು ಹೇಳಿದ್ದನ್ನ ನಾನೇ ಕೇಳ್ಲಿಲ್ಲ."

ಇನ್ನೊಂದು ಏಟು ಬಿತ್ತು. ಅಷ್ಟರಲ್ಲಿ ಒಳಗಿನಿಂದ ಜವರನ ಹೆಸರು ಕೂಗಿದರು. ಬೊಮ್ಮಯ್ಯ ಕೈ ಬಿಟ್ಟ. ಇಬ್ಬರೂ ಬಾಗಿಲ ಕಡೆ ನಡೆದರು.

ಸುಗುಣ ಕಂಬ ಬಿಟ್ಟು ಈಚೆ ಬಂದಳು.

"ನಿಂಗಯ್ಯಮಾವ, ನಾನು ಆನೆ ನೋಡೇ ಇರ್ಲಿಲ್ಲ."