ನನ್ ಒಲ ನಾನೇ ಕುಯ್ಕತೀನಿ

...ಬ್ಯಾಡ ಅಂದ್ರೆ ಬ್ಯಾಡ ಕಣ್ ಶಿವರತ್ನಕ್ಕ. ಆ ಕುಡ್ಲು ಕೆಳಗಿಕ್ಕು. ಎಷ್ಟ್ ಸಲ ಏಳದು ನಿಂಗೆ? ನನ್ ಒಲದ ರಾಗಿ ನಾನೇ ಕುಯ್ಕತೀನಿ. ಬೀದೀಲಿ ನಿಂತವ್ರಲ್ಲ ಆ ಎಂಗುಸ್ರು, ಅವರ್ಗೂ ಏಳು, ವಾಪಸ್ ಓಗ್ಲಿ. ನಿಮ್ ನಿಮ್ ಒಲದಲ್ಲೇ ಕುಯ್ಲು ಬಾಕಿ ಅದೆ, ನನ್ನದಕ್ಯಾಕೆ ಬಂದ್ರಿ?

ಯಾಕಂಗ್ ನೋಡ್ತೀಯ? ಕೊಬ್ಬು ಅನ್ಕೊ, ಏನಾರ ಅನ್ಕೊ. ನಂಗೆ ಸಾಕಾಗೋಗದೆ. ಆನೆ ತುಳ್ದು ನಮ್ ಯಜಮಾನ್ರು ಓದಾಗಿಂದ ಈ ಮನೇಲಿ ನಂಗೊಂದ್ ಕೆಲ್ಸ ಇಲ್ಲ. ನಾನ್ ಏಳೋ ಅಷ್ಟೊತ್ಗೆ ಅಸ ಕರೆದಾಗಿರ್ತದೆ, ಕೊಟ್ಟಿಗೆ ಬಾಚಾಗಿರ್ತದೆ. ನೀರ್ಗೆ ಓಗಾನ ಅಂದ್ರೆ ಬಿಂದಿಗೆ ತುಂಬ್ಕಂಡು ಕುಂತಿರ್ತದೆ. ಒಲೆ ಅಚ್ಚಾನ ಅಂದ್ರೆ ಮುತ್ತಯ್ಯನ ಎಂಡ್ತಿ ರಾಗಿ ಇಟ್ಟು ತಂದಿಕ್ಕಿ ಓಗಿರ್ತಾಳೆ, ಅದು ಮುಗಿಯೋಕೂ ಮೊದ್ಲು ಇನ್ನೊಬ್ರ ಮನೆ ಉಪ್ಸಾರು. ನನ್ ಮಗಳು ದೀಪ ಇಸ್ಕೂಲಿಂದ ಬಂದು ಯಾರ ಮನೇಲಿ ಉಂಡ್ಳು ಅಂತ ಎತ್ತ ತಾಯಿಗೇ ಗೊತ್ತಿಲ್ಲ.

ನಗ್ತೀಯಾ? ನಗು. ನಾನೇನು ಬಾಣಂತಿಯಾ, ಇಂಗೆ ಕೂರ್ಸಿ ಉಣ್ಸಾಕೆ? ಗಂಡ ಸತ್ತೋಳು. ಕೈಕಾಲು ನೆಟ್ಟಗವೆ. ಕೈಗೆ ಕೆಲ್ಸ ಇಲ್ದೆ ಕುಂತ್ರೆ ಆ ಬೆಳಿಗ್ಗೇನೇ ಕಣ್ಮುಂದೆ ಬತ್ತದೆ. ಅದ್ಯಾಕೆ ನಿಮ್ಗೆ ತಿಳಿಯಕ್ಕಿಲ್ಲ?

ಅಲ್ಲ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಆವತ್ತು ರಾತ್ರಿ ಆನೆ ಕಾವಲಿನ ಸರದಿ ನಿಮ್ಮನೆ ಚಿಕ್ಕಸಿದ್ದಯ್ಯಣ್ಣಂದು. ಅಣ್ಣಂಗೆ ಜ್ವರ. ಇವ್ರು "ನೀನ್ ಮಲಿಕ್ಕೊ, ನಾನ್ ಓಯ್ತೀನಿ" ಅಂದ್ಬುಟ್ಟು ಕಂಬಳಿ ಎಗಲ್ಗಾಕಂಡು ಒಂಟ್ರು. ಅದಕ್ಕಾ ನೀನು ದಿನಾ ಎಲ್ಲಾರ್ಗಿಂತ ಮೊದ್ಲು ಬಂದು ನಿಲ್ಲದು? ಋಣ ತೀರ್ಸಾಕಾ?

ತಲೆ ಬಗ್ಗಿಸ್ಬ್ಯಾಡ. ಬಗ್ಗಿಸ್ಬ್ಯಾಡ ಅಂದೆ. ಜ್ವರ ಬರದೇನ್ ತಪ್ಪಾ? ಜ್ವರ ಬರ್ದೆ ಇದ್ರೂ ಜೊತೇಲಿ ಓಗಿರೋರು ಅವ್ರು. ಯಾರ ಒಲಕ್ಕೆ ಆನೆ ನುಗ್ಗುದ್ರೂ ಊರೆಲ್ಲ "ಮಹದೇವು, ಮಹದೇವು" ಅಂತ ಕೂಗದು, ಇವ್ರು ತಗಡು ಬಡ್ಕಂಡು ಓಡದು. ನಾನು ಬೈತಿದ್ದೆ, ನಿಮ್ಗೊಬ್ರಿಗೇಯ ಬರ್ಕೊಟ್ಟವ್ರಾ ಕಾಡಿನಂಚ್ನ ಅಂತ. "ಆನೆಗೇನು ಪಹಣಿ ಓದಾಕೆ ಬತ್ತದಾ? ಇವತ್ತು ಅವ್ನ ರಾಗಿ, ನಾಳೆ ನಮ್ದು" ಅನ್ನೋರು. ಕೊನೇಗೆ ಬೆಳಿಗ್ಗೆ ನೋಡುದ್ರೆ ನಮ್ದೇ ಒಲದ ಬದಿನ ಮೇಲೆ ಬಿದ್ದಿದ್ರು. ಕಾವಲಿನ ಅಟ್ಟಣೇಲಿ ಕಂಬಳಿ ಮಡಚಿದ್ದು ಮಡಚ್ದಂಗೇ ಇತ್ತಂತೆ. ಒದ್ಕಂಡೂ ಇರ್ನಿಲ್ಲ.

ಆಮೇಲೆ ಮಾರ್ಟಳ್ಳಿ ಕಡೆಯಿಂದ ಪಾರೆಸ್ಟಿನವ್ರ ಜೀಪುಗಳು ಬಂದೋ. ಪೋಟೋ ಇಡ್ಕಂಡ್ರು, ಆನೆ ದಾಟ್ದಂಗೆ ಕಂದಕ ತೋಡುಸ್ತೀವಿ ಅಂದ್ರು, ಓದ್ರು. ನಮ್ಮಣ್ಣ ತೌರೂರು ಸತ್ತೇಗಾಲದಿಂದ ಬಂದು, ಮಗೀನ ಕರ್ಕಂಡು ಅಲ್ಲಿಗೇ ಬಂದ್ಬುಡು, ಅಲ್ಲಿ ಆನೆ ಕಾಟ ಇಲ್ಲ ಅಂದ. ನಾನ್ ಒಪ್ನಿಲ್ಲ. ಯಾಕ್ ಒಪ್ನಿಲ್ಲ ಅಂತ ನಂಗೇ ಗೊತ್ತಿಲ್ಲ. ಇಲ್ಲಿ ನೀವಿದ್ರಿ ಅನ್ಕೊ... ಅದ್ಸರಿ, ಇದ್ರಿ ಅಂತ ಕುಡ್ಲು ಇಡ್ಕಂಡು ಬಾಗ್ಲಿಗೇ ಬರದಾ?

ಅದೂ ಅಲ್ದೆ ರಾಗಿ ಇನ್ನೂ ಬಲ್ತಿಲ್ಲ ಕಣಕ್ಕ. ನಿನ್ನೆ ತಾನೆ ಓಗಿ ನೋಡ್ಕಂಡ್ ಬಂದಿವ್ನಿ. ತೆನೆ ಅಸುರಾಗೇ ಅದೆ. ಇನ್ನೊಂದಷ್ಟ್ ದಿನ ಬುಟ್ಟು ನಾನೊಬ್ಳೇ ಮೆಲ್ಲುಗ್ ಕುಯ್ಕಂಡು...

ಏನದು? ಮಡ್ಲಲ್ಲಿ ಏನಿಟ್ಕಂಡಿದ್ದೀಯ? ರಾಗಿ ತೆನೆಯಾ? ಯಾರ್ ಒಲದ್ದು?

ತಾ ಇಲ್ಲಿ, ನೋಡಾನ.

ನಮ್ದಾ...

ಎಷ್ಟ್ ಒಣಗೋಗದೆ. ಮುಟ್ಟುದ್ರೆ ಉದುರ್ತದಲ್ಲ ಕಾಳು. ಬೈಬಾರ್ದಾ ನನ್ನ? ಯಾಕಮ್ಮಿ ಸುಳ್ಳೇಳ್ತೀಯ ಅನ್ಬಾರ್ದಾ? ಇಂಗ್ ಸುಮ್ಕೆ ನಿಂತ್ಕಂಡ್ರೆ ನಾನೇನ್ ಮಾಡ್ಲಿ?

ಓಗಿಲ್ಲ ಕಣಕ್ಕ. ನಿನ್ನೆನೂ ಓಗಿಲ್ಲ, ಮೊನ್ನೆನೂ ಓಗಿಲ್ಲ. ಕುಡ್ಲು ತಕಂಡು ಒಲಕ್ಕೆ ಅಂತ ಒಂಡ್ತೀನಿ. ಉಣ್ಸೆ ಮರದ ತಾವು ಓಗ್ತೀನಿ, ಅಲ್ಲಿಂದ ಆ ಬದು ಕಾಣ್ತದೆ... ಕಾಲು ಮುಂದ್ಕೆ ಬರಾಕಿಲ್ಲ. ಮರದಡಿ ಕುಂತಿದ್ದು ಎದ್ದು ಬತ್ತೀನಿ. ನೀವು ಕೇಳುದ್ರೆ ಒಲ ನೋಡ್ಕಂಡ್ ಬಂದೆ ಅಂತೀನಿ. ಅವ್ರು ಬಿತ್ತಿದ್ ರಾಗಿ. ಉದುರೋಗ್ತಾ ಅದೆ ಅಂತ ನಂಗ್ ಗೊತ್ತಿಲ್ವಾ ಅಕ್ಕ?

ಎಲ್ಲಾರ್ಗೂ ಗೊತ್ತಿತ್ತಾ? ಆ ಎಂಗುಸ್ರಿಗೂ? ಅದಕ್ಕಾ, ಬಿಸ್ಲು ಏರ್ತಾ ಇದ್ರೂ ಒಬ್ಳೂ ಒಲದ್ ಕಡೀಕ್ ಎಜ್ಜೆ ಇಡ್ದೆ ನಿಂತಿರದು... ನಾನ್ ಬರ್ದೆ ಕುಯ್ಯಕ್ಕಿಲ್ಲ ಅಂತವಾ?

ಸರಿ. ಕೊಡಿಲ್ಲಿ ಕುಡ್ಲು. ಕಣ್ಣೊರುಸ್ಬ್ಯಾಡ ನೀನು, ನಾನೇ ಒರುಸ್ಕತೀನಿ. ನಡಿ. ನೀನ್ ಮುಂದೆ ಓಗು, ನಾನು ಇಂದೆ...

ಬ್ಯಾಡ. ಮುಂದೆ ಓಗ್ಬ್ಯಾಡ ಅಕ್ಕ. ಪಕ್ಕದಲ್ಲೇ ಬಾ. ಆ ಉಣ್ಸೆ ಮರದ ತಾವು ಓದಾಗ ಮಾತ್ರ ಇಂಗ್ ಸುಮ್ಕಿರ್ಬ್ಯಾಡ. ಏನಾರ ಮಾತಾಡ್ತಿರು.