ತವರಿನ ಅಂಜೂರ

ವೇದಿಕೆಯಲ್ಲಿರುವ ನಮ್ಮ ಬಡಾವಣೆ ಸಂಘದ ಅಧ್ಯಕ್ಷರಾದ ವಿಶ್ವನಾಥ ಅವರೇ, ಮುಖ್ಯ ಅತಿಥಿಗಳೇ, ಪದಾಧಿಕಾರಿಗಳೇ, ಹಿಂದಿನಿಂದ ಊಟದ ವಾಸನೆ ಬರುತ್ತಿದ್ದರೂ ಕುರ್ಚಿ ಬಿಡದೆ ಕುಳಿತಿರುವ ಸಭಿಕರೇ,

ನಿರೂಪಕಿಯವರು ನನ್ನನ್ನು ಕೃಷಿ ತಜ್ಞ ಮುನೇಶ್ ಎಂದು ಪರಿಚಯಿಸಿದರು. ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ನನಗೆ ಗೊತ್ತಿರುವ ಕೃಷಿ ಎಂದರೆ ಅಂಜೂರ ಒಂದೇ. ಆದರೂ ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ. ಬೇಡವೆನ್ನಲು ನಾನೇನು ಸನ್ಯಾಸಿಯಲ್ಲ.

ಈ ಸಭಾಂಗಣ ಎಲ್ಲಿ ನಿಂತಿದೆ, ಗೊತ್ತೇ? ಕೋಗಿಲು ಊರಿನ ನಮ್ಮ ತಾತ ಬ್ಯಾಟರಾಯಪ್ಪನವರ ಅಂಜೂರದ ತೋಟದಲ್ಲಿ. ತೋಟ ಸೈಟುಗಳಾಯಿತು. ಅದಕ್ಕೆ ನನಗೆ ಯಾರ ಮೇಲೂ ಸಿಟ್ಟಿಲ್ಲ. ನಮ್ಮ ಹಿತ್ತಲಲ್ಲಿ ಒಂದು ಮರ ಉಳಿಯಿತು. ಅಂಜೂರಕ್ಕೆ ಬೀಜ ಬೇಡ. ಬಲಿತ ಕೊಂಬೆ ಕತ್ತರಿಸಿ, ಹಾಲು ಸೋರುವುದು ನಿಂತ ಮೇಲೆ ಮಣ್ಣಿಗೆ ಊರಿದರೆ ಬೇರು ಬಿಡುತ್ತದೆ. ಅಜ್ಜಿಯ ಮರ, ಅಮ್ಮನ ಮರ, ಮಗಳ ಮರ ಎಲ್ಲವೂ ಒಂದೇ ಮರ. ಅದಕ್ಕೇ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಮಡಿಲಕ್ಕಿ ತುಂಬುವಾಗ ಅಕ್ಕಿ, ಬೆಲ್ಲ, ಕೊಬ್ಬರಿಯ ಜೊತೆಗೆ ಬೇರು ಬಿಟ್ಟ ಒಂದು ಅಂಜೂರದ ಗಿಡವನ್ನೂ ಕೊಟ್ಟು ಕಳಿಸುತ್ತೇವೆ.

ಈ ಪದ್ಧತಿ ಅಧ್ಯಕ್ಷರಿಗೆ ಬಹಳ ಹಿಡಿಸಿತು. ಇನ್ನು ಮುಂದೆ ಬಡಾವಣೆಯ ಪ್ರತಿ ಮದುಮಗಳಿಗೂ ‘ತವರಿನ ಗಿಡ’ ಕೊಡಬೇಕೆಂದು ಸಂಘ ತೀರ್ಮಾನಿಸಿದೆ. ಮುಂದಿನ ವಾರ ಮದುವೆಯಾಗುವ ಅಧ್ಯಕ್ಷರ ಮಗಳು ಸ್ನೇಹಾ ಮುಂದಿನ ಸಾಲಿನಲ್ಲೇ ಇದ್ದಾಳೆ. ನಾನು ಬೆಳೆಸಿ ತಂದಿರುವ ಈ ಮೊದಲ ಗಿಡವನ್ನು ನನ್ನ ಕೈಯಿಂದಲೇ ಅವಳಿಗೆ ಕೊಡಿಸಬೇಕಂತೆ. ಕೊಡುವ ಮೊದಲು ಗಿಡದ ಬಗ್ಗೆ ನಾಲ್ಕು ಮಾತು ಹೇಳಿ ಎಂದರು. ಹೇಳುತ್ತೇನೆ.

ಗಿಡ ಬರಿಯ ನೆನಪಿಗಲ್ಲ. ಗಂಡನ ಮನೆಯಲ್ಲಿ ಮಗಳು ಫೋನಿನಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಆಗುತ್ತದೆಯೇ? ಅತ್ತೆ ಪಕ್ಕದಲ್ಲಿರುತ್ತಾರೆ, ಗಂಡ ಬಾಗಿಲಲ್ಲಿರುತ್ತಾನೆ. ಹಾಗಾಗಿ ನಮ್ಮಮ್ಮ ಮುನಿಕೆಂಪಮ್ಮ, ಅವರಮ್ಮ, ಎಲ್ಲರೂ ಗಿಡದ ಸಮಾಚಾರ ಕೇಳುತ್ತಿದ್ದರು. ಗಿಡ ಚೆನ್ನಾಗಿದೆ ಎಂದರೆ ಮಗಳು ಚೆನ್ನಾಗಿದ್ದಾಳೆ ಎಂದು ಅರ್ಥ. ಎಷ್ಟು ನಾಜೂಕಿನ ಏರ್ಪಾಡು ನೋಡಿ.

ನನ್ನ ತಂಗಿ ವನಿತಾಳನ್ನು ವಿದ್ಯಾರಣ್ಯಪುರಕ್ಕೆ ಕೊಟ್ಟಿದ್ದೆವು. ಅವಳ ಗಿಡ ತಾರಸಿಯ ಕುಂಡದಲ್ಲಿತ್ತು. ಚೆನ್ನಾಗಿದೆ, ಚಿಗುರಿದೆ ಎನ್ನುತ್ತಿದ್ದಳು. ಒಂದು ಡಿಸೆಂಬರಿನಲ್ಲಿ ಅವಳೇ ಫೋನ್ ಮಾಡಿದಳು. ನಾನು ಅಮ್ಮನ ಪಕ್ಕದಲ್ಲೇ ಕೂತಿದ್ದೆ. ಸ್ಪೀಕರ್ ಹಾಕಿತ್ತು.

“ಅಮ್ಮ, ಎಲೆ ಎಲ್ಲಾ ಉದುರೋಯ್ತು. ಬರೀ ಕಡ್ಡಿ ಉಳ್ಕೊಂಡಿದೆ.”

ಬೇರೆ ಯಾರ ಮನೆಯಲ್ಲಾದರೂ ಗಾಬರಿ ಬೀಳುತ್ತಿದ್ದರು. ನಾವು ಅಂಜೂರ ಬೆಳೆದವರು. ಚಳಿಗೆ ಅಂಜೂರ ಎಲೆ ಉದುರಿಸುತ್ತದೆಂದು ಬಲ್ಲವರು. ಅಮ್ಮ ನಕ್ಕೇಬಿಟ್ಟಳು.

“ಚಳಿ ಕಣಮ್ಮ, ಅಂಜೂರ ಅಂಗೇ. ಸತ್ತಂಗೆ ಕಾಣ್ತೈತೆ, ಒಳಗೆ ಜೀವ ಇರ್ತೈತೆ. ನೀರು ಕಮ್ಮಿ ಹಾಕು. ವಸಿ ತಡ್ಕೋ, ಚಿಗುರ್ತೈತೆ.”

ವನಿತಾ “ಆಯ್ತಮ್ಮ” ಎಂದು ಫೋನ್ ಇಟ್ಟಳು.

ಸಂಕ್ರಾಂತಿಗೆ ಮೊದಲೇ ಅವಳ ಹೆಣ ತರಲು ಹೋದೆವು. ಹೊಟ್ಟೆನೋವು ತಾಳಲಾರದೆ ಪ್ರಾಣ ಕಳೆದುಕೊಂಡಳೆಂದು ಆ ಮನೆಯವರು ಹೇಳಿದರು. ತೋಳಿನ ಮೇಲಿದ್ದ ಬರೆಗಳು ಹೊಟ್ಟೆನೋವಿನಿಂದ ಬಂದವೇ? ಕೇಸು ಇನ್ನೂ ನಡೆಯುತ್ತಿದೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಅಂದು ಅಮ್ಮ ಗಿಡ ನೋಡಬೇಕೆಂದಳು. ಕೈಹಿಡಿದು ತಾರಸಿಗೆ ಹತ್ತಿಸಿದೆ. ಎರಡು ಗೋಡೆಗಳ ಸಂದಿಯಲ್ಲಿ ಕುಂಡವಿತ್ತು. ಗಾಳಿಯಿಲ್ಲ, ಚಳಿಯಿಲ್ಲ. ಗಿಡದಲ್ಲಿ ಅಂಗೈಯಗಲದ ಎಲೆಗಳು ಹಸಿರಾಗಿ ತುಂಬಿದ್ದವು. ಒಂದೂ ಉದುರಿರಲಿಲ್ಲ.

ನನ್ನ ತಂಗಿ ಗಿಡದ ಸಮಾಚಾರ ಹೇಳಿರಲಿಲ್ಲ, ಸಭಿಕರೇ.

ಅಮ್ಮ ಆವತ್ತಿನಿಂದ ಹಿತ್ತಲಿನ ಬಾಗಿಲು ತೆಗೆದಿಲ್ಲ. ಹಣ್ಣುಗಳು ಕಳಿತು ಬೀಳುತ್ತವೆ, ಬಾವಲಿಗಳು ತಿನ್ನುತ್ತವೆ. ಇವತ್ತು ಸನ್ಮಾನವಿದೆ, ಬಾ ಎಂದು ಕರೆದೆ. ಗೋಡೆಯ ಕಡೆ ತಿರುಗಿ ಮಲಗಿದಳು. ತಡ್ಕೋ ಎಂದ ಒಂದು ಮಾತು ಅವಳನ್ನು ದಿನವೂ ಸುಡುತ್ತಿದೆ. ನೋಡಲು ನನಗೆ ಶಕ್ತಿಯಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸಂತೋಷದ ಸಭೆಯಲ್ಲಿ ಇದೆಂಥ ಮಾತು ಎಂದುಕೊಳ್ಳುತ್ತಿರಬಹುದು. ನಾನೂ ಹೇಳಬೇಕೆಂದು ಬಂದವನಲ್ಲ. ಗಿಡದ ಗುಣ, ಗೊಬ್ಬರ, ನೀರು ಎಂದು ಹೇಳಿ ಇಳಿದುಬಿಡೋಣ ಎಂದುಕೊಂಡಿದ್ದೆ. ಆದರೆ ಆ ಹುಡುಗಿ ಎದುರಿಗೇ ಕೂತಿದ್ದಾಳೆ. ಹೇಳದೆ ಹೇಗೆ ಇಳಿಯಲಿ?

ಸ್ನೇಹಾ, ಈ ಗಿಡವನ್ನು ನಿನಗೆ ಕೊಡುವುದಿಲ್ಲಮ್ಮ. ಬೇಸರ ಮಾಡಿಕೊಳ್ಳಬೇಡ. ಕಷ್ಟ ಬಂದರೆ ಎಲೆಯ ಮಾತು, ಹೂವಿನ ಮಾತು ಯಾವುದೂ ಬೇಡ. ನನಗೆ ಹೊಡೆಯುತ್ತಿದ್ದಾರೆ ಎಂದು ಹೇಳು. ಅತ್ತೆ ಪಕ್ಕದಲ್ಲಿದ್ದರೂ ಹೇಳು, ಕೂಗಿ ಹೇಳು. ವಿಶ್ವನಾಥ ಅವರೇ, ನನ್ನನ್ನು ಕ್ಷಮಿಸಿ, ಗಿಡವನ್ನು ವಾಪಸ್ ತೆಗೆದುಕೊಂಡು ಹೋಗುತ್ತೇನೆ. ನಿಮ್ಮ ಜೇಬಿನಲ್ಲಿ ಮನೆಯ ಬೀಗದ ಕೈ ಇದ್ದರೆ, ಈಗಲೇ, ಇಷ್ಟು ಜನರ ಎದುರಿಗೆ, ಅದನ್ನು ಮಗಳ ಮಡಿಲಿಗೆ ಹಾಕಿ.

ಕರೆದು ಗೌರವಿಸಿದ್ದಕ್ಕೆ, ತಾಳ್ಮೆಯಿಂದ ಕೇಳಿದ್ದಕ್ಕೆ ಎಲ್ಲರಿಗೂ ಋಣಿ. ನಾನು ಕೆಳಗಿಳಿಯುತ್ತೇನೆ. ಚಪ್ಪಾಳೆ ಬೇಡ, ಆ ಬೀಗದ ಕೈ ಬಿದ್ದ ಸದ್ದು ನನಗೆ ಕೇಳಬೇಕು. ನಮಸ್ಕಾರ.